ಜಪಾನಿಗೆ ಹೊರಟವರು ಗೈಡ್‌ಬುಕ್ ಆರಿಸುವುದು ಹೇಗೆ?

ಜಪಾನ್ ವೀಸಾಕ್ಕೆ ಅರ್ಜಿ ಹಾಕುವಾಗ ಪಾಸ್‌ಪೋರ್ಟ್, ಫೋಟೊ, ಬ್ಯಾಂಕ್ ಸ್ಟೇಟ್‌ಮೆಂಟ್‌ಗಳ ಜೊತೆ ಇನ್ನೊಂದು ಕಾಗದ ಕೊಡಬೇಕು. ಯಾವ ತಾರೀಖು ಯಾವ ಊರಲ್ಲಿರುತ್ತೀರಿ, ಅವತ್ತು ಏನು ನೋಡುತ್ತೀರಿ, ರಾತ್ರಿ ಎಲ್ಲಿ ಉಳಿಯುತ್ತೀರಿ ಎಂದು ದಿನವಾರು ಬರೆದ ಪಟ್ಟಿ ಅದು. ಟೋಕಿಯೊ, ಫುಜಿ ಬೆಟ್ಟ, ಬುಲೆಟ್ ಟ್ರೇನು ಬಿಟ್ಟರೆ ಆ ದೇಶದ ಬಗ್ಗೆ ತಮಗೆ ಏನೂ ಗೊತ್ತಿಲ್ಲ ಅನ್ನುವುದು ಬಹಳ ಜನಕ್ಕೆ ಹೊಳೆಯುವುದೇ ಆ ಖಾಲಿ ಪಟ್ಟಿಯ ಮುಂದೆ ಕೂತಾಗ. ಗೈಡ್‌ಬುಕ್ ಕೊಳ್ಳುವುದಿದ್ದರೆ ಅದಕ್ಕೂ ಮುಂಚೆ ಕೊಳ್ಳಬೇಕು. ಸಾಧ್ಯವಾದರೆ ವಿಮಾನದ ಟಿಕೆಟ್ ತೆಗೆಯುವುದಕ್ಕೂ ಮುಂಚೆ. ಹೊರಡುವ ದಿನ ಏರ್‌ಪೋರ್ಟ್ ಅಂಗಡಿಯಲ್ಲಿ ಕೊಂಡ ಪುಸ್ತಕದಿಂದ ಬ್ಯಾಗಿನ ತೂಕ ಹೆಚ್ಚುತ್ತದೆ, ಅಷ್ಟೆ.

ಫೋನ್ ಇರುವಾಗ ಪುಸ್ತಕ ಯಾಕೆ ಅಂತ ಕೇಳುವವರಿದ್ದಾರೆ. ಫೋನು ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಏನು ಕೇಳಬೇಕು ಅನ್ನುವುದೇ ಗೊತ್ತಿಲ್ಲದಿದ್ದರೆ ಎಲ್ಲರಿಗೂ ತೋರಿಸುವ ಅವೇ ಹತ್ತು ಜಾಗಗಳನ್ನು ನಿಮಗೂ ತೋರಿಸುತ್ತದೆ. ಗೈಡ್‌ಬುಕ್ಕಿನ ಕೆಲಸ ಬೇರೆ. ಇಡೀ ದೇಶವನ್ನು ಒಂದು ಕ್ರಮದಲ್ಲಿ ಮುಂದಿಟ್ಟು, ಇದನ್ನು ನೋಡಿ, ಇದಕ್ಕೆ ಅರ್ಧ ದಿನ ಸಾಕು, ಇದನ್ನು ಬಿಟ್ಟರೂ ನಷ್ಟವಿಲ್ಲ ಅಂತ ಹೇಳಬೇಕು. ಆ ಕೊನೆಯ ಮಾತನ್ನು ಹೇಳುವ ಧೈರ್ಯ ಇರುವ ಪುಸ್ತಕಕ್ಕೇ ದುಡ್ಡು ಕೊಡಬೇಕು ಅನ್ನುವುದು ನನ್ನ ಲೆಕ್ಕ.

ಇಲ್ಲಿ ಜಪಾನನ್ನು ಹಿಡಿದುಕೊಂಡು ಹೇಳುತ್ತಿದ್ದೇನೆ. ವಿಯೆಟ್ನಾಂಗೋ ಇಟಲಿಗೋ ಹೊರಟವರು ಊರಿನ ಹೆಸರುಗಳನ್ನು ಬದಲಾಯಿಸಿಕೊಂಡು ಇದೇ ಹಾದಿಯಲ್ಲಿ ನಡೆಯಬಹುದು.

ಹೆಜ್ಜೆ 1: ಪುಸ್ತಕಕ್ಕೂ ಮುಂಚೆ ನಿಮ್ಮ ಪ್ರವಾಸ ಎಂಥದ್ದು ಅಂತ ಬರೆದುಕೊಳ್ಳಿ

ಟೂರ್ ಕಂಪನಿಯವರ ಜೊತೆ ಬಸ್ಸಿನಲ್ಲಿ ಹೋಗುವವರಿಗೆ ಹೋಟೆಲ್ ಪಟ್ಟಿಯಾಗಲಿ ರೈಲಿನ ವಿವರವಾಗಲಿ ಬೇಕಿಲ್ಲ. ಅವರಿಗೆ ಬೇಕಾದದ್ದು ಬಸ್ಸು ನಿಲ್ಲಿಸಿದ ಕಡೆ ಎದುರಿಗಿರುವುದು ಏನು ಅಂತ ವಿವರಿಸುವ ಪುಸ್ತಕ. ಎಂಟು-ಹತ್ತು ದಿನಕ್ಕೆ ಟೋಕಿಯೊ, ಕ್ಯೋಟೊ, ಒಸಾಕಾ ಮಾತ್ರ ನೋಡುವವರಿಗೆ ಇಡೀ ಜಪಾನಿನ ದಪ್ಪ ಪುಸ್ತಕ ದಂಡ. ಆ ಊರುಗಳ ಚಿಕ್ಕ ಗೈಡ್‌ಗಳು ಸಾಕು. ಮೂರು ವಾರ ತಾವೇ ರೈಲು ಹತ್ತಿ ತಿರುಗುವವರಿಗೆ ಮಾತ್ರ ದೇಶದ ಪೂರ್ತಿ ಪುಸ್ತಕ ಬೇಕು.

ಇನ್ನು ಯಾವಾಗ ಹೋಗುತ್ತೀರಿ ಅನ್ನುವುದು. ನಮ್ಮ ಕಡೆ ಮಕ್ಕಳಿರುವ ಮನೆಯವರು ಹೊರಡುವುದು ಬೇಸಿಗೆ ರಜೆಯಲ್ಲಿ, ತಪ್ಪಿದರೆ ದಸರಾ ರಜೆಯಲ್ಲಿ. ಟೋಕಿಯೊ, ಕ್ಯೋಟೊಗಳಲ್ಲಿ ಚೆರ್ರಿ ಹೂವು ಸಾಮಾನ್ಯವಾಗಿ ಅರಳುವುದು ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರದ ಹೊತ್ತಿಗೆ. ನಮ್ಮ ಶಾಲೆಗಳು ರಜೆ ಕೊಟ್ಟು, ನಾವು ಪೆಟ್ಟಿಗೆ ಕಟ್ಟುವಷ್ಟರಲ್ಲಿ ಅಲ್ಲಿ ಹೂವು ಉದುರಿ ಎಲೆ ಬಂದಿರುತ್ತದೆ. ಆದರೆ ಹೂವು ತೆಂಕಣದಿಂದ ಬಡಗಣಕ್ಕೆ ಸಾಗುತ್ತದೆ. ತೊಹೊಕು ಪ್ರಾಂತದ ಹಿರೊಸಾಕಿ ಕೋಟೆಯ ಸುತ್ತ ಏಪ್ರಿಲ್ ಎರಡನೇ ಭಾಗದಲ್ಲೂ ಹೂವು ನೋಡಲು ಸಿಗುತ್ತದೆ. ಹಾಗಿರುವಾಗ ತೊಹೊಕುಗೆ ನಾಲ್ಕೇ ಪುಟ ಕೊಟ್ಟು ಮುಗಿಸಿದ ಪುಸ್ತಕದಿಂದ ಏಪ್ರಿಲ್ ಮಧ್ಯದಲ್ಲಿ ಹೊರಡುವ ಕನ್ನಡದ ಕುಟುಂಬಕ್ಕೆ ಉಪಯೋಗವಿಲ್ಲ.

ಏಪ್ರಿಲ್ 29ರಿಂದ ಮೇ 5ರವರೆಗೆ ಜಪಾನಿಗರ ಗೋಲ್ಡನ್ ವೀಕ್. ದೇಶಕ್ಕೆ ದೇಶವೇ ರೈಲು ಹತ್ತುವ ವಾರ ಅದು. ಯಾವ ಕಾಲದಲ್ಲಿ ಹೋಗಬೇಕು ಅನ್ನುವ ಅಧ್ಯಾಯದಲ್ಲಿ ಈ ವಾರದ ಬಗ್ಗೆ ಗಟ್ಟಿಯಾಗಿ ಎಚ್ಚರಿಸದ ಪುಸ್ತಕವನ್ನು ಅಲ್ಲೇ ಕೆಳಗಿಡಿ.

ಹೆಜ್ಜೆ 2: ಪುಸ್ತಕ ಯಾರಿಗಾಗಿ ಬರೆದದ್ದು ಅಂತ ಪತ್ತೆ ಮಾಡಿ

ಉಳಿದೆಲ್ಲ ಹೆಜ್ಜೆಗಳನ್ನು ಹಾರಿಸಿದರೂ ಇದನ್ನು ಹಾರಿಸಬೇಡಿ. ನಮಗೆ ಅಂಗಡಿಯಲ್ಲಿ ಸಿಗುವ ಗೈಡ್‌ಬುಕ್‌ಗಳು ಹೆಚ್ಚುಪಾಲು ಇಂಗ್ಲಿಷಿನವು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಕನ್ನಡದಲ್ಲಿ ಪ್ರವಾಸ ಕಥನಗಳ ದೊಡ್ಡ ಪರಂಪರೆಯೇ ಇದೆ, ಆದರೆ ಯಾವ ಪ್ಲಾಟ್‌ಫಾರ್ಮಿನಲ್ಲಿ ಯಾವ ರೈಲು ಹತ್ತಬೇಕು ಅಂತ ಹೇಳುವ ಕೈಪಿಡಿಗಳಿಗೆ ನಾವು ಇಂಗ್ಲಿಷಿಗೇ ಹೋಗಬೇಕು. ತಪ್ಪೇನಿಲ್ಲ. ಆ ಪುಸ್ತಕದ ಊಹೆಯ ಓದುಗ ನೀವಲ್ಲ ಅನ್ನುವುದು ನೆನಪಿರಲಿ, ಸಾಕು.

ವೀಸಾ ಪುಟದಿಂದಲೇ ಶುರು ಮಾಡಿ. ಅಲ್ಲಿ ತೊಂಬತ್ತು ದಿನದವರೆಗೆ ವೀಸಾ ಬೇಕಿಲ್ಲ ಅಂತ ಇದ್ದರೆ ಅದು ಅಮೆರಿಕದವರಿಗೆ, ಯುರೋಪಿನವರಿಗೆ ಹೇಳಿದ ಮಾತು. ಭಾರತದ ಪಾಸ್‌ಪೋರ್ಟಿಗೆ ಮೊದಲೇ ವೀಸಾ ಆಗಬೇಕು. ಈ ವಿಷಯದಲ್ಲಿ ಯಾವ ಪುಸ್ತಕವನ್ನೂ ನಂಬಬೇಡಿ. ಜಪಾನ್ ರಾಯಭಾರ ಕಚೇರಿಯ ಜಾಲತಾಣವೊಂದೇ ಪ್ರಮಾಣ. ಆ ಪುಟವನ್ನು ನೋಡುವುದು ಪುಸ್ತಕ ಯಾರ ಕಡೆ ಮುಖ ಮಾಡಿ ನಿಂತಿದೆ ಅಂತ ತಿಳಿಯುವುದಕ್ಕೆ ಮಾತ್ರ.

ಮುಂದೆ ಪ್ಲಗ್ಗು. ಜಪಾನಿನಲ್ಲಿ ವಿದ್ಯುತ್ತು 100 ವೋಲ್ಟ್, ಎರಡು ಚಪ್ಪಟೆ ಕಡ್ಡಿಯ ಪ್ಲಗ್ಗು. ಅಮೆರಿಕದ ಓದುಗನಿಗೆ ಬರೆದ ಪುಸ್ತಕ ಇದನ್ನು ಅರ್ಧ ಸಾಲಿನಲ್ಲಿ ಮುಗಿಸುತ್ತದೆ, ಯಾಕೆಂದರೆ ಅವರ ಪ್ಲಗ್ಗು ಅಲ್ಲಿ ಹಾಗೇ ಕೂರುತ್ತದೆ. ನಮಗೆ ಅಡಾಪ್ಟರ್ ಬೇಕು. ಫೋನ್ ಚಾರ್ಜರಿನ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿದ್ದರೆ ತೊಂದರೆಯಿಲ್ಲ. ಆದರೆ ಅಮ್ಮ ಹಟ ಹಿಡಿದು ಬ್ಯಾಗಿಗೆ ತುರುಕಿದ 230 ವೋಲ್ಟಿನ ಚಿಕ್ಕ ರೈಸ್ ಕುಕ್ಕರಿನಲ್ಲಿ ಅಲ್ಲಿ ಅನ್ನ ಬೇಯುವ ಭರವಸೆ ಬೇಡ.

ನಿಜವಾದ ಪರೀಕ್ಷೆ ಊಟದ್ದು. ಪುಸ್ತಕದ ಹಿಂದಿನ ಇಂಡೆಕ್ಸ್ ತೆಗೆದು ಸಸ್ಯಾಹಾರದ ಪದ ಹುಡುಕಿ, ಅದು ತೋರಿಸುವ ಪುಟಕ್ಕೆ ಹೋಗಿ. ಅಲ್ಲಿ ದಾಶಿ ಅನ್ನುವ ಪದ ಇದೆಯೇ ನೋಡಿ. ದಾಶಿ ಅಂದರೆ ಜಪಾನಿ ಅಡುಗೆಯ ಬುನಾದಿ ಸಾರು. ಸಾಮಾನ್ಯವಾಗಿ ಬೊನಿಟೊ ಮೀನನ್ನು ಒಣಗಿಸಿ ಹೆರೆದ ಚೂರುಗಳಿಂದಲೂ ಕೊಂಬು ಎಂಬ ಕಡಲಪಾಚಿಯಿಂದಲೂ ಮಾಡುತ್ತಾರೆ. ಉಡಾನ್ ನೂಡಲ್ಸಿನ ರಸದಲ್ಲಿ, ಸೋಬಾ ನೂಡಲ್ಸ್ ಅದ್ದಿಕೊಳ್ಳುವ ಸಾಸಿನಲ್ಲಿ, ಮಿಸೊ ಸೂಪಿನಲ್ಲಿ, ತೆಂಪುರ ಎಂಬ ತರಕಾರಿ ಬಜ್ಜಿಯ ಜೊತೆ ಅದ್ದಿಕೊಳ್ಳಲು ಕೊಡುವ ಬಟ್ಟಲಿನಲ್ಲಿ ಅದು ಇರುತ್ತದೆ. ಕಣ್ಣಿಗೆ ತರಕಾರಿ ಮಾತ್ರ ಕಾಣುತ್ತದೆ, ಬಡಿಸಿದವರು ಸುಳ್ಳನ್ನೂ ಹೇಳಿರುವುದಿಲ್ಲ. ಮಾಂಸ ಇಲ್ಲ ಅಂದರೆ ಮೀನಿನ ಸಾರೂ ಇಲ್ಲ ಅನ್ನುವ ಅರ್ಥ ಅಲ್ಲಿ ಇಲ್ಲ.

ಇಷ್ಟನ್ನು ವಿವರಿಸಿ, ಯಾವುದನ್ನು ಕೇಳಿ ತಿನ್ನಬೇಕು ಅಂತ ಹೇಳಿ, ಶೋಜಿನ್ ರ್‍ಯೋರಿ ಎಂಬ ಬೌದ್ಧ ದೇವಾಲಯಗಳ ಅಡುಗೆ ಎಲ್ಲೆಲ್ಲಿ ಸಿಗುತ್ತದೆ ಅಂತ ತೋರಿಸುವ ಪುಸ್ತಕ ನಮಗೆ ಬೇಕಾದ್ದು. ಶೋಜಿನ್ ಅಡುಗೆಯಲ್ಲಿ ಮೀನು-ಮಾಂಸ ಇರಲಿ, ಸಂಪ್ರದಾಯದ ಪ್ರಕಾರ ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲ. ಒಸಾಕಾದಿಂದ ತೆಂಕಣಕ್ಕಿರುವ ಕೋಯಾಸಾನ್ ಬೆಟ್ಟದ ಮಠಗಳಲ್ಲಿ ಉಳಿದರೆ ಎರಡು ಹೊತ್ತೂ ಇದೇ ಊಟ. ಪುಸ್ತಕ ಕೋಯಾಸಾನ್ ಬಗ್ಗೆ ಬರೆಯುವಾಗ ಮಂಜು, ದೇವದಾರು ಮರ, ಶಾಂತಿ ಅಂತ ನಿಲ್ಲಿಸಿದೆಯೋ, ಊಟದ ತನಕ ಬಂದಿದೆಯೋ? ಸಸ್ಯಾಹಾರಿಗಳಿಗೆ ದೊಡ್ಡ ಊರುಗಳಲ್ಲಿ ಭಾರತೀಯ ಹೋಟೆಲುಗಳಿವೆ ಅಂತ ಒಂದೇ ಸಾಲಿನಲ್ಲಿ ಕೈ ತೊಳೆದುಕೊಂಡಿದ್ದರೆ ಅದನ್ನು ಬರೆದವರು ಸಸ್ಯಾಹಾರಿಗಳ ಜೊತೆ ಒಂದು ದಿನವೂ ಜಪಾನಿನಲ್ಲಿ ತಿರುಗಿಲ್ಲ ಅಂತ ಧಾರಾಳವಾಗಿ ತಿಳಿಯಬಹುದು. ಮೀನು ತಿನ್ನುವವರು ಈ ಪರೀಕ್ಷೆಯನ್ನು ಬಿಟ್ಟುಬಿಡಿ. ಜಪಾನಿನಲ್ಲಿ ನಿಮ್ಮಷ್ಟು ಸುಖಿಗಳು ಯಾರೂ ಇಲ್ಲ.

ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವವರು ಆರೋಗ್ಯದ ಪುಟವನ್ನೂ ಓದಬೇಕು. ಡಾಕ್ಟರು ಬರೆದುಕೊಟ್ಟ ಮಾತ್ರೆಗಳನ್ನು ಒಂದು ತಿಂಗಳಿಗೆ ಆಗುವಷ್ಟು ಒಯ್ಯಬಹುದು. ಅದಕ್ಕಿಂತ ಹೆಚ್ಚಿದ್ದರೆ ಯುನ್ಯು ಕಾಕುನಿನ್‌ಶೊ ಎಂಬ ಅನುಮತಿ ಪತ್ರವನ್ನು ಮೊದಲೇ ಪಡೆಯಬೇಕು. ನೆಗಡಿ ಮಾತ್ರೆಗಳಲ್ಲಿ ಸ್ಯೂಡೊಎಫೆಡ್ರಿನ್ ಶೇಕಡಾ 10ಕ್ಕಿಂತ ಹೆಚ್ಚಿದ್ದರೆ ಒಯ್ಯುವಂತಿಲ್ಲ, ಕೋಡಿನ್ ಇರುವ ಕೆಮ್ಮಿನ ಔಷಧಿಗೂ ಮಿತಿ ಇದೆ. ಈ ನಿಯಮಗಳ ಸುಳಿವಾದರೂ ಕೊಟ್ಟ ಪುಸ್ತಕ ಕೆಲಸ ಮಾಡಿ ಬರೆದ ಪುಸ್ತಕ.

ಹೆಜ್ಜೆ 3: ಒಂದೊಂದು ಸರಣಿಯ ಗುಣ ತಿಳಿದುಕೊಳ್ಳಿ

ಗೈಡ್‌ಬುಕ್ ಸರಣಿಗಳಿಗೂ ಸ್ವಭಾವ ಇರುತ್ತದೆ. ಲೋನ್ಲಿ ಪ್ಲಾನೆಟ್ ಅನ್ನು 1973ರಲ್ಲಿ ಶುರು ಮಾಡಿದವರು ಟೋನಿ ಮತ್ತು ಮೌರೀನ್ ವೀಲರ್ ಎಂಬ ದಂಪತಿ. ಕಡಿಮೆ ದುಡ್ಡಿನಲ್ಲಿ ಏಷ್ಯಾ ದಾಟಿದ ಅನುಭವದಿಂದ ಹುಟ್ಟಿದ್ದು ಅದು. ಎಲ್ಲಿ ಅಗ್ಗದ ಹಾಸಿಗೆ, ಯಾವ ಬಸ್ಸು ಎಷ್ಟಕ್ಕೆ ಅನ್ನುವುದೇ ಅದರ ಹಳೆಯ ಬಲ. ಇತ್ತೀಚಿನ ಆವೃತ್ತಿಗಳಲ್ಲಿ ಚಿತ್ರಗಳು ಹೆಚ್ಚಿ, ಹೋಟೆಲ್ ಪಟ್ಟಿಗಳು ಇಳಿದಿವೆ. ಹಳೆಯ ಅಭಿಮಾನಿಗಳಿಗೆ ಇದರಿಂದ ಸಿಟ್ಟು. ಹೇಗೂ ಹೋಟೆಲನ್ನು ಫೋನಿನಲ್ಲೇ ಬುಕ್ ಮಾಡುತ್ತೇವಲ್ಲ ಅನ್ನುವುದು ನನ್ನ ಮಾತು. ಆದರೆ ಹೋಟೆಲುಗಳ ಜೊತೆ ಸಣ್ಣ ಊರುಗಳೂ ಹೋಗಿವೆಯೇ ಅಂತ ನೋಡಿಕೊಳ್ಳಬೇಕು.

ರಫ್ ಗೈಡ್ 1982ರಲ್ಲಿ ಗ್ರೀಸ್ ದೇಶದ ಪುಸ್ತಕದಿಂದ ಶುರುವಾದದ್ದು. ಇತಿಹಾಸ, ಧರ್ಮ, ಕಲೆಗಳ ಬಗ್ಗೆ ಹಿಂಬದಿಯಲ್ಲಿ ಬರುವ ಬರಹಗಳೇ ಅದರ ಹೆಚ್ಚುಗಾರಿಕೆ. ದೇವಸ್ಥಾನದ ಮುಂದೆ ನಿಂತು ಇದು ಜಪಾನಿನ ಮೂಲ ಧರ್ಮವಾದ ಶಿಂಟೊದ ಗುಡಿಯೋ ಬೌದ್ಧ ವಿಹಾರವೋ ಅಂತ ತಲೆ ಕೆರೆದುಕೊಳ್ಳುವವರಿಗೆ ಹೇಳಿಮಾಡಿಸಿದ್ದು. ಡಿಕೆ ಐವಿಟ್ನೆಸ್ ಕಣ್ಣಿಗೆ ಹಬ್ಬ: ಕಟ್ಟಡವನ್ನು ಸೀಳಿ ಒಳಗಿರುವುದನ್ನು ತೋರಿಸುವ ಚಿತ್ರಗಳು. ಗುಂಪಿನ ಪ್ರವಾಸಕ್ಕೆ ಹೋಗುವ ಅಪ್ಪ-ಅಮ್ಮನಿಗೆ ಕೊಡಿಸುವುದಾದರೆ ನಾನು ಇದನ್ನೇ ಆರಿಸುವುದು. ರೈಲೇ ನಿಮ್ಮ ಆಸೆಯಾದರೆ ಟ್ರೇಲ್‌ಬ್ಲೇಜರ್ ಪ್ರಕಾಶನ ಜಪಾನನ್ನು ರೈಲಿನಲ್ಲಿ ಸುತ್ತುವುದಕ್ಕೆಂದೇ ಒಂದು ಗೈಡ್ ತಂದಿದೆ. ರಿಕ್ ಸ್ಟೀವ್ಸ್ ಎಂಬ ಅಮೆರಿಕದ ಗೈಡ್‌ಬುಕ್ ಲೇಖಕರ ಹೆಸರು ಕೇಳಿದವರು ಅವರ ಪುಸ್ತಕಗಳನ್ನು ಯುರೋಪಿಗೆ ಹೋಗುವಾಗ ಹುಡುಕಿ. ಬ್ರಾಡ್ಟ್ ಸರಣಿ ಆಫ್ರಿಕದಂಥ ಕಡೆ ಬೇರೆಯವರು ಮುಟ್ಟದ ದೇಶಗಳಿಗೆ ಒಳ್ಳೆಯದು.

ಎಲ್ಲ ಸರಣಿಗಳಿಗೂ ಅಂಟಿದ ರೋಗವೊಂದಿದೆ, ನಕ್ಷತ್ರದ್ದು. ಜರ್ಮನಿಯ ಬೇಡೆಕರ್ ಕೈಪಿಡಿಗಳು 1840ರ ದಶಕದಲ್ಲೇ ನೋಡಲೇಬೇಕಾದ ಜಾಗಗಳ ಪಕ್ಕ ನಕ್ಷತ್ರ ಹಾಕುವುದನ್ನು ಶುರು ಮಾಡಿದವು. ಅಂದಿನಿಂದ ನಕ್ಷತ್ರ ಇದ್ದ ಕಡೆ ಜನ, ಜನ ಇದ್ದ ಕಡೆ ಇನ್ನೊಂದು ನಕ್ಷತ್ರ. ಪುಟಕ್ಕೆ ಐದು ಜಾಗಗಳಿಗೆ ಗುರುತು ಹಾಕಿದ ಪುಸ್ತಕ ಯಾವುದನ್ನೂ ಆರಿಸಿಕೊಟ್ಟ ಹಾಗಾಗಲಿಲ್ಲ.

ಹೆಜ್ಜೆ 4: ಪುಸ್ತಕದ ವಯಸ್ಸು ನೋಡಿ

ಮುಖಪುಟದ ಹೊಳಪಿನಿಂದ ವಯಸ್ಸು ಗೊತ್ತಾಗುವುದಿಲ್ಲ. ಶೀರ್ಷಿಕೆಯ ಹಿಂದಿನ ಪುಟದಲ್ಲಿ ಕಾಪಿರೈಟ್ ಇಸವಿ, ಎಷ್ಟನೇ ಆವೃತ್ತಿ ಅನ್ನುವುದು ಇರುತ್ತದೆ. ಮರುಮುದ್ರಣದ ಇಸವಿಯನ್ನು ಆವೃತ್ತಿಯ ಇಸವಿ ಅಂದುಕೊಳ್ಳಬೇಡಿ. ಹಳೆಯ ಮಾತೇ ಹೊಸ ಕಾಗದದಲ್ಲಿ ಬಂದಿರುತ್ತದೆ. ಅಲ್ಲದೆ ಲೇಖಕರು ತಿರುಗಾಡಿ ಬಂದ ಮೇಲೆ ಪುಸ್ತಕ ಅಂಗಡಿಗೆ ಬರುವಷ್ಟರಲ್ಲಿ ಇನ್ನಷ್ಟು ತಿಂಗಳು ಕಳೆದಿರುತ್ತವೆ.

ಜಪಾನಿನ ಮಟ್ಟಿಗೆ ಇಸವಿಯನ್ನು ನೋಡದೆಯೂ ವಯಸ್ಸು ಹೇಳಬಹುದು. ಟೋಕಿಯೊದ ಟ್ಯೂನಾ ಮೀನಿನ ಹರಾಜು ನೋಡಲು ತ್ಸುಕಿಜಿಗೆ ಹೋಗಿ ಅಂತ ಬರೆದಿದೆಯೇ? ಆ ಸಗಟು ಮಾರುಕಟ್ಟೆ 2018ರ ಅಕ್ಟೋಬರಿನಲ್ಲಿ ತೊಯೊಸುಗೆ ಹೋಯಿತು. ತ್ಸುಕಿಜಿಯಲ್ಲಿ ಈಗ ಉಳಿದಿರುವುದು ಹೊರಗಿನ ಅಂಗಡಿ ಸಾಲು. ಬುಲೆಟ್ ಟ್ರೇನಿನಲ್ಲಿ ದೊಡ್ಡ ಸೂಟ್‌ಕೇಸಿಗೆ ಮೊದಲೇ ಜಾಗ ಕಾದಿರಿಸಬೇಕು ಅನ್ನುವ ಮಾತು ಇಲ್ಲವೇ? ಉದ್ದ, ಅಗಲ, ಎತ್ತರ ಕೂಡಿಸಿ 160 ಸೆಂಟಿಮೀಟರ್ ದಾಟಿದ ಸಾಮಾನಿಗೆ ಟೋಕಿಯೊ-ಒಸಾಕಾ ನಡುವಿನ ತೊಕೈದೊ ಮಾರ್ಗದಲ್ಲಿ ಆ ನಿಯಮ ಬಂದದ್ದು 2020ರ ಮೇ ತಿಂಗಳಿನಲ್ಲಿ. ಟೀಮ್‌ಲ್ಯಾಬ್ ಬಾರ್ಡರ್‌ಲೆಸ್ ಎಂಬ ಬೆಳಕಿನ ಮ್ಯೂಸಿಯಂ ಒದೈಬಾದಲ್ಲಿದೆ ಅನ್ನುತ್ತದೆಯೇ? ಅದು 2022ರಲ್ಲಿ ಅಲ್ಲಿ ಮುಚ್ಚಿ 2024ರ ಫೆಬ್ರವರಿಯಲ್ಲಿ ಅಜಾಬುದಾಯ್ ಹಿಲ್ಸ್‌ನಲ್ಲಿ ತೆರೆಯಿತು.

ಎಲ್ಲಕ್ಕಿಂತ ದುಬಾರಿಯಾಗಿ ಹೊಡೆಯುವುದು ರೈಲು ಪಾಸಿನ ಪುಟ. ವಿದೇಶಿ ಪ್ರವಾಸಿಗರಿಗೆ ಇಡೀ ದೇಶಕ್ಕೆ ಅನ್ವಯವಾಗುವ ಜೆಆರ್ (ಜಪಾನ್ ರೈಲ್ವೇಸ್) ಪಾಸ್ ಇದೆ. ಮೊದಲು ಏಳು ದಿನದ ಸಾಮಾನ್ಯ ಪಾಸಿನ ಬೆಲೆ 29,650 ಯೆನ್ ಇತ್ತು. ಟೋಕಿಯೊದಿಂದ ಕ್ಯೋಟೊಗೆ ಹೋಗಿ ಬರುವುದಕ್ಕೇ ಸುಮಾರು 28,000 ಯೆನ್ ಆಗುವುದರಿಂದ, ಇನ್ನೊಂದು ಸಣ್ಣ ಪ್ರಯಾಣ ಸೇರಿಸಿದರೂ ಪಾಸು ಲಾಭವೇ ಆಗಿತ್ತು. ಹಾಗಾಗಿ ಹಳೆಯ ಗೈಡ್‌ಗಳು, ಅವನ್ನು ಓದಿ ಬಂದ ನಿಮ್ಮ ಪಕ್ಕದ ಮನೆಯವರು, ಎಲ್ಲರೂ ಕಣ್ಣು ಮುಚ್ಚಿ ಪಾಸ್ ತೆಗೆದುಕೊಳ್ಳಿ ಅನ್ನುತ್ತಿದ್ದರು. 2023ರ ಅಕ್ಟೋಬರಿನಲ್ಲಿ ಅದೇ ಪಾಸು 50,000 ಯೆನ್ ಆಯಿತು. ಈಗ ಟೋಕಿಯೊದಿಂದ ಹಿರೋಷಿಮಾದವರೆಗೆ ಹೋಗಿ ಬಂದರೂ ಬಿಡಿ ಟಿಕೆಟುಗಳ ಮೊತ್ತ ಸುಮಾರು 40,000. ನಾಲ್ಕು ಜನರ ಕುಟುಂಬ ಹಳೆಯ ಪುಸ್ತಕದ ಮಾತು ಕೇಳಿ ಪಾಸ್ ಕೊಂಡರೆ, ಹೊಸ ಪುಸ್ತಕದ ಬೆಲೆಯ ಎಷ್ಟೋ ಪಟ್ಟು ಅಲ್ಲೇ ಹೋಯಿತು. ಒಳ್ಳೆಯ ಪುಸ್ತಕ ಪಾಸ್ ಕೊಳ್ಳಿ ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ನಿಮ್ಮ ಮಾರ್ಗದ ಟಿಕೆಟುಗಳನ್ನು ಕೂಡಿಸಿ ನೋಡಿ ಅನ್ನುತ್ತದೆ, ಒಸಾಕಾ-ಕ್ಯೋಟೊಗಳಿರುವ ಕಾನ್ಸಾಯ್‌ನಂಥ ಒಂದೊಂದು ಪ್ರಾಂತಕ್ಕೆ ಬೇರೆ ಅಗ್ಗದ ಪಾಸುಗಳಿವೆ ಅನ್ನುವುದನ್ನೂ ತಿಳಿಸುತ್ತದೆ.

ಹೆಜ್ಜೆ 5: ಒಂದೇ ಒಂದು ಜಾಗದ ಪುಟವನ್ನು ಪೂರ್ತಿ ಓದಿ

ಅಂಗಡಿಯಲ್ಲಿ ನಿಂತು ಹತ್ತು ನಿಮಿಷದಲ್ಲಿ ಮಾಡಬಹುದಾದ ಪರೀಕ್ಷೆ ಇದು. ಎರಡು-ಮೂರು ಪುಸ್ತಕಗಳಲ್ಲಿ ಒಂದೇ ಜಾಗದ ವಿವರ ತೆಗೆದು ಪಕ್ಕಪಕ್ಕ ಇಡಿ. ಆನ್‌ಲೈನ್ ಕೊಳ್ಳುವವರು ಮಾದರಿ ಪುಟಗಳಲ್ಲಿ ನೋಡಿ. ನಾನು ಕ್ಯೋಟೊದ ಫುಶಿಮಿ ಇನಾರಿ ದೇಗುಲವನ್ನು ಆರಿಸುತ್ತೇನೆ, ಯಾಕೆಂದರೆ ಅದನ್ನು ಬಿಟ್ಟ ಜಪಾನ್ ಗೈಡ್ ಇಲ್ಲ, ಸೋಮಾರಿತನದಿಂದ ಬರೆಯುವುದೂ ಸುಲಭ.

ಸೋಮಾರಿ ಪುಸ್ತಕದಲ್ಲಿ ಹೀಗಿರುತ್ತದೆ: ಸಾವಿರಾರು ಕೇಸರಿ ಬಣ್ಣದ ಕಮಾನುಗಳ ಮನಮೋಹಕ ದೃಶ್ಯ, ಫೋಟೊ ತೆಗೆಯಲು ಅದ್ಭುತ ತಾಣ, ತಪ್ಪದೆ ನೋಡಿ. ಇದರಿಂದ ನಿಮಗೆ ಸಿಕ್ಕಿದ್ದೇನು? ಕಮಾನುಗಳಿವೆ ಅನ್ನುವುದು ಪೋಸ್ಟ್‌ಕಾರ್ಡಿನಿಂದಲೇ ಗೊತ್ತಿತ್ತು.

ಕೆಲಸ ಮಾಡಿದ ಪುಸ್ತಕ ಬೇರೆ ವಿಷಯ ಹೇಳುತ್ತದೆ. ಕ್ಯೋಟೊ ಸ್ಟೇಷನ್ನಿನಿಂದ ಜೆಆರ್ ನಾರಾ ಲೈನಿನಲ್ಲಿ ಎರಡನೆಯ ನಿಲ್ದಾಣವೇ ಇನಾರಿ, ಇಳಿದರೆ ದೇಗುಲ ಎದುರಿಗೇ. ಆದರೆ ಅದೇ ಪ್ಲಾಟ್‌ಫಾರ್ಮಿಗೆ ಬರುವ ವೇಗದ ರೈಲು ಅಲ್ಲಿ ನಿಲ್ಲುವುದಿಲ್ಲ, ಎಲ್ಲ ಕಡೆ ನಿಲ್ಲುವ ಲೋಕಲ್ಲನ್ನೇ ಹತ್ತಬೇಕು. ಪ್ರವೇಶ ಶುಲ್ಕವಿಲ್ಲ, ಬಾಗಿಲು ಹಾಕುವುದೂ ಇಲ್ಲ. ಹಾಗಾಗಿ ಬೆಳಿಗ್ಗೆ ಬೇಗನೆ ಹೋಗಿ. ಕಮಾನುಗಳ ಸಾಲು 233 ಮೀಟರ್ ಎತ್ತರದ ಇನಾರಿ ಬೆಟ್ಟದ ಮೇಲಕ್ಕೆ ಹೋಗುತ್ತದೆ, ಪೂರ್ತಿ ಸುತ್ತಿ ಬರಲು ಎರಡರಿಂದ ಮೂರು ಗಂಟೆ ಬೇಕು. ಜನ ಕಿಕ್ಕಿರಿದಿರುವುದು ಕೆಳಗಿನ ಭಾಗದಲ್ಲಿ. ಅರ್ಧ ದಾರಿಯ ಯೊತ್ಸುತ್ಸುಜಿ ಎಂಬ ಕೂಡುದಾರಿಗೆ ಬಂದರೆ ಊರು ಕಾಣುತ್ತದೆ; ಮೊಣಕಾಲು ನೋವಿರುವವರು ಅಲ್ಲಿಂದಲೇ ಇಳಿಯಬಹುದು, ಮೇಲಿನದು ಅದೇ ಮೆಟ್ಟಿಲು, ಅದೇ ಕಮಾನು. ನರಿಗಳ ವಿಗ್ರಹ ಯಾಕಿವೆ, ಕಮಾನುಗಳ ಹಿಂದೆ ಬರೆದಿರುವ ಹೆಸರುಗಳು ಯಾರವು? ಇನಾರಿ ಬೆಳೆಯ, ವ್ಯಾಪಾರದ ದೈವ. ನರಿ ಆ ದೈವದ ದೂತ. ಹೆಸರುಗಳು ಕಮಾನು ಮಾಡಿಸಿಕೊಟ್ಟ ಕಂಪನಿಗಳದ್ದು, ಹರಕೆದಾರರದ್ದು. ನಮ್ಮ ದೇವಸ್ಥಾನದ ಮೆಟ್ಟಿಲು, ಟ್ಯೂಬ್‌ಲೈಟುಗಳ ಮೇಲೆ ದಾನಿಗಳ ಹೆಸರು ಓದಿ ಬೆಳೆದವರಿಗೆ ಇದು ತಕ್ಷಣ ಅರ್ಥವಾಗುತ್ತದೆ.

ಹತ್ತು ಸಾಲಿನಲ್ಲಿ ಹೋಗುವ ದಾರಿ, ಹೊತ್ತು, ಬಿಡಬಹುದಾದ ಭಾಗ, ಒಂದಿಷ್ಟು ಅರ್ಥ, ಇಷ್ಟೂ ಸಿಕ್ಕರೆ ಆ ಪುಸ್ತಕ ಕೊಳ್ಳಿ. ಇನ್ನೊಂದು ಸಣ್ಣ ಸಂಗತಿಯನ್ನೂ ನೋಡಿ: ಮ್ಯೂಸಿಯಂಗಳಿಗೆ ಸೋಮವಾರ ರಜೆ ಅಂತ ಮಾತ್ರ ಬರೆದಿದೆಯೋ, ಸೋಮವಾರ ಸರ್ಕಾರಿ ರಜೆ ಬಂದರೆ ತೆರೆದು ಮಂಗಳವಾರ ಮುಚ್ಚುವ ಪದ್ಧತಿಯನ್ನೂ ಹೇಳಿದೆಯೋ?

ಹೆಜ್ಜೆ 6: ನಕ್ಷೆ, ಇಂಡೆಕ್ಸ್, ಲಿಪಿ

ಟೋಕಿಯೊದ ಶಿಂಜುಕು ಸ್ಟೇಷನ್ನಿಗೆ ಇನ್ನೂರಕ್ಕೂ ಹೆಚ್ಚು ಬಾಗಿಲುಗಳಿವೆ. ಸ್ಟೇಷನ್ನಿನಿಂದ ಐದು ನಿಮಿಷ ಅಂತ ಬರೆದು ಯಾವ ಬಾಗಿಲಿನಿಂದ ಅಂತ ಹೇಳದಿದ್ದರೆ ಆ ಐದು ನಿಮಿಷ ಅರ್ಧ ಗಂಟೆಯಾಗುತ್ತದೆ. ಪುಸ್ತಕ ಬಾಗಿಲಿನ ನಂಬರೋ ಹೆಸರೋ ಕೊಡಬೇಕು. ಜಾಗಗಳ ಹೆಸರು ಜಪಾನಿ ಲಿಪಿಯಲ್ಲೂ ಇರಬೇಕು: ಟ್ಯಾಕ್ಸಿಯವರಿಗೆ ತೋರಿಸುವುದಕ್ಕೆ, ಹಳ್ಳಿಯ ಬಸ್ಸಿನ ಬೋರ್ಡಿನ ಜೊತೆ ತಾಳೆ ನೋಡುವುದಕ್ಕೆ. ರೋಮನ್ ಅಕ್ಷರಗಳ ಮೇಲೆ ದೀರ್ಘದ ಗೆರೆ ಹಾಕಿದ ಪುಸ್ತಕವಾದರೆ ಇನ್ನೂ ಒಳ್ಳೆಯದು. ಹ್ರಸ್ವ-ದೀರ್ಘ ನಮ್ಮ ನಾಲಿಗೆಗೆ ಮೊದಲೇ ಪಳಗಿದೆ.

ಹೆಜ್ಜೆ 7: ಆನ್‌ಲೈನಿನಲ್ಲಿ ಖೋಟಾ ಪುಸ್ತಕಗಳಿಂದ ದೂರವಿರಿ

2023ರಿಂದೀಚೆಗೆ ಆನ್‌ಲೈನ್ ಅಂಗಡಿಗಳಲ್ಲಿ ಯಂತ್ರದಿಂದ ಬರೆಸಿದ ಗೈಡ್‌ಬುಕ್‌ಗಳ ಪ್ರವಾಹವೇ ಬಂದಿದೆ. ಆ ದೇಶಕ್ಕೆ ಕಾಲಿಡದವರ ಹೆಸರಲ್ಲಿ, ಕೆಲವೊಮ್ಮೆ ಇಲ್ಲದವರ ಹೆಸರಲ್ಲಿ, ಇವು ಬರುತ್ತವೆ. ಬೆಲೆ ಕಡಿಮೆ, ಐದು ನಕ್ಷತ್ರದ ರಿವ್ಯೂಗಳು ರಾಶಿ.

ಗುರುತಿಸುವುದು ಕಷ್ಟವಲ್ಲ. ಶೀರ್ಷಿಕೆ ಒಂದೂವರೆ ಸಾಲು ಉದ್ದವಾಗಿ, ಇಸವಿ, ಸಂಪೂರ್ಣ, ರಹಸ್ಯ ಮುಂತಾದ ಪದಗಳಿಂದ ತುಂಬಿರುತ್ತದೆ. ಪ್ರಕಾಶಕರ ಹೆಸರಿನ ಜಾಗದಲ್ಲಿ ಸ್ವತಂತ್ರ ಪ್ರಕಟಣೆ ಅಂತಿರುತ್ತದೆ. ಅದೊಂದರಿಂದಲೇ ಪುಸ್ತಕ ಖೋಟಾ ಅಂತ ಹೇಳಲಾಗದು, ಪ್ರಾಮಾಣಿಕರೂ ಹಾಗೆ ಪ್ರಕಟಿಸುತ್ತಾರೆ. ಆದರೆ ಅದೇ ಲೇಖಕ ಅದೇ ವರ್ಷ ಜಪಾನ್, ಪೋರ್ಚುಗಲ್, ಪೆರು, ಐಸ್‌ಲ್ಯಾಂಡ್ ಎಲ್ಲದರ ಬಗ್ಗೆಯೂ ಬರೆದಿದ್ದಾರೆಯೇ ನೋಡಿ. ನೂರು ಪುಟ, ಒಂದೂ ನಕ್ಷೆಯಿಲ್ಲ, ರಿವ್ಯೂಗಳೆಲ್ಲ ಒಂದೇ ವಾರದಲ್ಲಿ ಬಂದವು, ಲೇಖಕರ ಪರಿಚಯದಲ್ಲಿ ಪ್ರವಾಸ ಪ್ರೇಮಿ ಅನ್ನುವುದು ಬಿಟ್ಟು ಊರಿಲ್ಲ, ಕೆಲಸವಿಲ್ಲ, ಹಿಂದಿನ ಬರಹವಿಲ್ಲ ಅಂದರೆ ಕೊಳ್ಳಬೇಡಿ. ಐದನೇ ಹೆಜ್ಜೆಯ ಫುಶಿಮಿ ಇನಾರಿ ಪರೀಕ್ಷೆ ಇಲ್ಲೂ ನಡೆಯುತ್ತದೆ. ಇಂಥ ಪುಸ್ತಕಕ್ಕೆ ಮನಮೋಹಕ ಅನ್ನುವುದು ಗೊತ್ತು. ಲೋಕಲ್ ರೈಲು ಹತ್ತಬೇಕು ಅನ್ನುವುದು ಗೊತ್ತಿರುವುದಿಲ್ಲ.

ಹೆಜ್ಜೆ 8: ಹೊಸದೋ, ಹಳೆಯದೋ, ಬಿಟ್ಟಿಯೋ

ಎರಡು ಹೊಸ ಪುಸ್ತಕ ಕೊಳ್ಳುವುದಕ್ಕಿಂತ ಒಂದು ಹೊಸದು, ಒಂದು ಹಳೆಯದು ಒಳ್ಳೆಯ ಜೋಡಿ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಸೆಕೆಂಡ್‌ಹ್ಯಾಂಡ್ ಪುಸ್ತಕದಂಗಡಿಗಳಲ್ಲಿ ಹಳೆಯ ಗೈಡ್‌ಗಳನ್ನು ಹುಡುಕಿ ನೋಡಿ. ನಾರಾದ ತೊದೈಜಿಯಲ್ಲಿ ಕೂತಿರುವ ಕಂಚಿನ ಬುದ್ಧನ ಕಥೆ ಹತ್ತು ವರ್ಷದಲ್ಲಿ ಬದಲಾಗುವುದಿಲ್ಲ. ಅಲ್ಲಿನ ಟಿಕೆಟ್ ದರ ಬದಲಾಗುತ್ತದೆ. ಇತಿಹಾಸಕ್ಕೆ, ಊರಿನ ಪರಿಚಯಕ್ಕೆ, ನಡೆದಾಡುವ ದಾರಿಗೆ ಹಳೆಯದನ್ನು ಓದಿ. ಹಣ, ಸಮಯ, ಸಾರಿಗೆಯ ಸಂಖ್ಯೆಗಳನ್ನೆಲ್ಲ ಹೊಸದರಲ್ಲೋ ಆಯಾ ಜಾಗದ ಅಧಿಕೃತ ಜಾಲತಾಣದಲ್ಲೋ ನೋಡಿ.

ದುಡ್ಡೇ ಖರ್ಚು ಮಾಡಬಾರದು ಅಂದರೆ ವಿಕಿವಾಯೇಜ್ ಇದೆ. 2013ರಿಂದ ವಿಕಿಪೀಡಿಯದ ಮಾತೃಸಂಸ್ಥೆಯ ಆಸರೆಯಲ್ಲಿದೆ, ಜಾಹೀರಾತಿಲ್ಲ, ಬೇಕಾದ ಊರಿನ ಪುಟವನ್ನು ಪ್ರಿಂಟ್ ತೆಗೆದುಕೊಳ್ಳಬಹುದು. ಒಂದು ಊರಿನ ಲೇಖನ ಅಚ್ಚುಕಟ್ಟು, ಪಕ್ಕದ ಊರಿನದು ಅರೆಬರೆ. ಬರೆದವರು ಸಿಕ್ಕ ಕಡೆ ಬೆಳೆದಿದೆ. ಜಪಾನಿನ ರಾಷ್ಟ್ರೀಯ ಪ್ರವಾಸೋದ್ಯಮ ಸಂಸ್ಥೆಯ ಜಾಲತಾಣವೂ ಉಪಯುಕ್ತ, ಆದರೆ ಸರ್ಕಾರದ ಸಂಸ್ಥೆ ತನ್ನ ದೇಶದ ಯಾವ ಜಾಗವನ್ನೂ ಬಿಟ್ಟರೂ ನಷ್ಟವಿಲ್ಲ ಅಂತ ಬರೆಯುವುದಿಲ್ಲ.

ಇ-ಬುಕ್ ಕೊಳ್ಳುವುದಾದರೆ ನಕ್ಷೆಯ ಪುಟ ಮೊದಲು ತೆರೆದು ನೋಡಿ. ಕಪ್ಪು-ಬಿಳುಪಿನ ಚಿಕ್ಕ ಪರದೆಯಲ್ಲಿ ನಕ್ಷೆ ಓದುವುದು ಹಿಂಸೆ. ಪಿಡಿಎಫ್ ಸಿಕ್ಕರೆ ಟ್ಯಾಬ್ಲೆಟ್ಟಿನಲ್ಲಿ ಪರವಾಗಿಲ್ಲ. ಮನೆಯಲ್ಲಿ ಕೂತು ಪ್ಲಾನ್ ಮಾಡುವ ಹೊತ್ತಿಗೆ ಮಾತ್ರ ಅಚ್ಚಾದ ಪುಸ್ತಕವೇ ಸಲೀಸು: ಬೆರಳು ಕ್ಯೋಟೊದಲ್ಲಿಟ್ಟು, ರೈಲಿನ ಅಧ್ಯಾಯಕ್ಕೆ ಹಾರಿ, ಮತ್ತೆ ವಾಪಸ್ ಬರುವುದು ಪರದೆಯಲ್ಲಿ ಅಷ್ಟು ಬೇಗ ಆಗುವುದಿಲ್ಲ.

ಹೆಜ್ಜೆ 9: ಕೊಂಡ ಮೇಲೆ

ಮೊದಲ ಪುಟದಿಂದ ಓದಲು ಹೋಗಬೇಡಿ. ಪುಸ್ತಕದಲ್ಲಿ ಕೊಟ್ಟಿರುವ ಸಿದ್ಧ ಮಾರ್ಗಗಳ ಪೈಕಿ ನಿಮ್ಮ ದಿನಗಳಿಗೆ ಹೊಂದುವುದನ್ನು ತೆಗೆದುಕೊಂಡು, ಅದರಲ್ಲಿ ಮೂರನೇ ಒಂದು ಭಾಗ ಕತ್ತರಿಸಿ. ಆ ಮಾರ್ಗಗಳನ್ನು ಬರೆದವರು ಒಬ್ಬೊಬ್ಬರೇ ತಿರುಗುವವರು. ಮಗು, ಅಜ್ಜಿ, ನಾಲ್ಕು ಸೂಟ್‌ಕೇಸು ಅವರ ಲೆಕ್ಕದಲ್ಲಿಲ್ಲ. ಉಳಿದದ್ದನ್ನು ದಿನವಾರು ಬರೆದರೆ ವೀಸಾ ಅರ್ಜಿಯ ಪಟ್ಟಿ ಅರ್ಧ ತುಂಬಿತು. ಆಮೇಲೆ ಪ್ರತಿ ಜಾಗದ ರಜಾದಿನ, ಮುಂಗಡ ಬುಕಿಂಗ್ ಬೇಕೇ ಅನ್ನುವುದನ್ನು ಆಯಾ ಜಾಲತಾಣದಲ್ಲಿ ನೋಡಿ, ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ತಿದ್ದಿ.

ಹೊತ್ತುಕೊಂಡು ಹೋಗುವುದು ಹೇಗೆ? ಹೊರದೇಶದವರು ಬ್ಲೇಡಿನಿಂದ ಬೇಕಾದ ಅಧ್ಯಾಯ ಕೊಯ್ದು, ಸ್ಟೇಪ್ಲರ್ ಹಾಕಿ ಒಯ್ಯುತ್ತಾರೆ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನೆಗಳಲ್ಲಿ ಇದು ನಡೆಯುವ ಮಾತಲ್ಲ. ಬೇಕಾದ ಪುಟಗಳ ಫೋಟೊ ತೆಗೆದು ಊರಿನ ಹೆಸರಿನ ಫೋಲ್ಡರಿಗೆ ಹಾಕಿ, ಇಂಟರ್‌ನೆಟ್ ಇಲ್ಲದೆಯೂ ತೆರೆಯುವಂತೆ ಫೋನಿನಲ್ಲೇ ಉಳಿಸಿಕೊಳ್ಳಿ. ಊಟದ ಪುಟ, ಮೀನಿನ ಸಾರು ಬೇಡ ಅನ್ನುವ ಜಪಾನಿ ವಾಕ್ಯ, ಮೊದಲ ರಾತ್ರಿಯ ಹೋಟೆಲಿನ ವಿಳಾಸ, ಈ ಮೂರನ್ನು ಮಾತ್ರ ದೊಡ್ಡಕ್ಷರದಲ್ಲಿ ಪ್ರಿಂಟ್ ತೆಗೆದು, ಮನೆಯ ಪ್ರತಿಯೊಬ್ಬರ ಜೇಬಿನಲ್ಲೂ ಒಂದೊಂದು ಪ್ರತಿ ಇಡಿ.